ಮೂರನೇ ಮಹಡಿಗೆ ನೀರು ಏರುವುದಿಲ್ಲ

ಕಳೆದ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ಡೊಂಬಿವಲಿ ಎಂಐಡಿಸಿಯ ನಮ್ಮ ಮನೆಗೆ ಇನ್ನೊಬ್ಬಳು ಸೇರಿದಳು. ಹಾವೇರಿಯ ಅಕ್ಕನ ಮಗಳು. ಮುಂಬೈ ಕಡೆಯ ಒಂದು ವಿಶ್ವವಿದ್ಯಾಲಯದಲ್ಲಿ ಎಂ.ಎ. ಅರ್ಥಶಾಸ್ತ್ರಕ್ಕೆ ಸೀಟು ಸಿಕ್ಕಿತ್ತು, ಹಾಸ್ಟೆಲ್ ಸಿಕ್ಕಿರಲಿಲ್ಲ. ‘ಸೋದರಮಾವನ ಮನಿ ಇರೂವಾಗ ಹಾಸ್ಟೆಲ್ ಯಾಕ ಬೇಕು?’ ಎಂದು ಅಕ್ಕ ಫೋನಿನಲ್ಲೇ ತೀರ್ಪು ಕೊಟ್ಟಳು. ಬೆಳಿಗ್ಗೆ ಏಳಕ್ಕೆ ಮನೆ ಬಿಡಬೇಕು. ರಿಕ್ಷಾ ಹಿಡಿದು ಸ್ಟೇಷನ್, ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಹೇಗೋ ತೂರಿಕೊಂಡು ಪ್ರಯಾಣ, ಇಳಿದ ಮೇಲೆ ಬಸ್ಸು. ಮರಳಿ ಮನೆ ಸೇರುವಾಗ ಸಂಜೆ ಏಳು.

ಎರಡು ತಿಂಗಳು ಕಳೆದಿರಬೇಕು, ಒಂದು ರಾತ್ರಿ ಅವಳಿಗೆ ಚಳಿಜ್ವರ ಬಂತು. ಮಳೆಗಾಲವಲ್ಲವೇ, ಮಲೇರಿಯಾ ಇರಬಹುದೆಂದು ಹೆದರಿಕೊಂಡೇ ಹೋದೆವು. ಡಾಕ್ಟರು ಪರೀಕ್ಷೆ ಮಾಡಿಸಿ ಮೂತ್ರದ ಸೋಂಕು ಎಂದರು. ದಿನಕ್ಕೆ ಎಷ್ಟು ನೀರು ಕುಡಿಯುತ್ತೀ ಎಂದು ಕೇಳಿದರೆ ಹುಡುಗಿ ನೆಲ ನೋಡಿದಳು. ಮನೆಗೆ ಬಂದ ಮೇಲೆ ನನ್ನ ಹೆಂಡತಿಯ ಹತ್ತಿರ ಬಾಯಿ ಬಿಟ್ಟಳು: ‘ಮಾಮಿ, ಮುಂಜಾನೆ ಮನ್ಯಾಗ ಚಾ ಕುಡದ್ರ, ಮುಂದ ನೀರು ಸಂಜೀಕ ಮನಿಗೆ ಬಂದಮ್ಯಾಲೇ. ಅಲ್ಲಿ ನೀರು ಕುಡದ್ರ ಹೋಗೂದು ಎಲ್ಲಿಗೆ?’

ಮುಂದಿನ ಶನಿವಾರ ನಾನೂ ಅವಳ ಜೊತೆ ಹೋದೆ. ವಿಶ್ವವಿದ್ಯಾಲಯದ ಹೆಸರು ಇಲ್ಲಿ ಬೇಡ. ಹೆಸರು ಬದಲಿಸಿದರೆ ಈ ಕಥೆ ಎಷ್ಟೋ ಕಡೆ ಹೊಂದುತ್ತದೆ. ಕಟ್ಟಡ ಚೆನ್ನಾಗಿತ್ತು. ಮುಂಭಾಗಕ್ಕೆಲ್ಲ ಗಾಜು, ನೆಲಕ್ಕೆ ಗ್ರಾನೈಟ್, ಬಾಗಿಲ ಪಕ್ಕದಲ್ಲಿ ಆಳೆತ್ತರದ ಉದ್ಘಾಟನೆಯ ಶಿಲಾಫಲಕ. ಮೂರು ವರ್ಷದ ಹಿಂದಿನ ತಾರೀಖು. ಪ್ರತಿ ಮಹಡಿಯಲ್ಲೂ ಹೆಂಗಸರಿಗೆ ಶೌಚಾಲಯ ಇದೆ. ಇವಳ ವಿಭಾಗವಿರುವ ಮೂರನೇ ಮಹಡಿಯದಕ್ಕೆ ಬೀಗ. ಎರಡನೆಯದರಲ್ಲಿ ನಲ್ಲಿ ತಿರುಗಿಸಿದರೆ ಬರೀ ಗಾಳಿಯ ಸದ್ದಂತೆ. ನೆಲಮಹಡಿಯದು ಮಾತ್ರ ನಡೆಯುತ್ತದೆ. ಹತ್ತು ನಿಮಿಷದ ಬಿಡುವಿನಲ್ಲಿ ಅಷ್ಟು ಹುಡುಗಿಯರಿಗೆ ಅದೊಂದೇ.

ಕೆಳಗೆ ಪೈಪು ಬಿಚ್ಚಿಕೊಂಡು ಕುಳಿತಿದ್ದ ಹಿರಿಯ ಪ್ಲಂಬರ್ ಒಬ್ಬರನ್ನು ಮಾತಾಡಿಸಿದೆ. ‘ಸಾಹೇಬ್, ಪಾಣೀ ವರ್ ಚಢತ್ ನಾಹೀ’ ಎಂದರು. ನೀರು ಮೇಲೆ ಏರುವುದಿಲ್ಲ. ಮೇಲಿನ ದೊಡ್ಡ ಟಾಕಿ ಕಟ್ಟಿದಾಗ ಅದರ ಕೆಳಗೆ ಇದ್ದದ್ದು ಎರಡು ಕಟ್ಟಡ, ಒಂದು ಹಾಸ್ಟೆಲ್. ಈಗ ಅದೇ ಟಾಕಿಗೆ ಐದು ಕಟ್ಟಡ ಜೋತುಬಿದ್ದಿವೆ. ಹೊಸ ಕಟ್ಟಡಕ್ಕೆ ಬೇರೆ ಟಾಕಿ, ಬೇರೆ ಪಂಪು ನಕ್ಷೆಯಲ್ಲಿತ್ತಂತೆ. ಟೆಂಡರಿನ ಹೊತ್ತಿಗೆ ‘ಎರಡನೇ ಹಂತ’ ಎಂದು ಬರೆದು ಮುಂದಕ್ಕೆ ಹಾಕಿದರು. ಎರಡನೇ ಹಂತ ಇನ್ನೂ ಬಂದಿಲ್ಲ.

ನನ್ನದು ಐರೋಳಿಯಲ್ಲಿ ಸಾಫ್ಟ್‌ವೇರ್ ಕೆಲಸ. ನಮ್ಮಲ್ಲಿ ಒಂದು ಹೊಸ ಸೇವೆಯನ್ನು ಸರ್ವರ್‌ಗೆ ಏರಿಸುವ ಮುಂಚೆ ಕಿರಿಕಿರಿ ಹಿಡಿಸುವಷ್ಟು ಪ್ರಶ್ನೆ ಕೇಳುತ್ತಾರೆ. ಎಷ್ಟು ಜನ ಬಳಸುತ್ತಾರೆ? ಯಾವ ಡೇಟಾಬೇಸ್ ಮೇಲೆ ಭಾರ ಬೀಳುತ್ತದೆ? ರಾತ್ರಿ ಎರಡು ಗಂಟೆಗೆ ಕೆಟ್ಟರೆ ಯಾರ ಫೋನು ಹೊಡೆದುಕೊಳ್ಳುತ್ತದೆ? ಇದಕ್ಕೆ ಕೆಪ್ಯಾಸಿಟಿ ಪ್ಲಾನಿಂಗ್ ಎಂಬ ದೊಡ್ಡ ಹೆಸರಿದೆ. ಈ ಲೆಕ್ಕ ಬಿಟ್ಟು ಅವಸರದಲ್ಲಿ ಮಾಡಿದ ಕೆಲಸವನ್ನು ಟೆಕ್ನಿಕಲ್ ಡೆಟ್, ಅಂದರೆ ಸಾಲ, ಎನ್ನುತ್ತೇವೆ. ಸಾಲ ಮಾಡಿದವನು ಬೇರೆ ಪ್ರಾಜೆಕ್ಟಿಗೆ ಹೋಗಿರುತ್ತಾನೆ, ಬಡ್ಡಿ ಕಟ್ಟುವವನು ಆಮೇಲೆ ಬಂದವನು. ಆ ಟಾಕಿಯ ಸಾಲಕ್ಕೆ ನಮ್ಮ ಹುಡುಗಿ ಬಡ್ಡಿ ಕಟ್ಟುತ್ತಿದ್ದಳು, ಬಾಯಾರಿಕೆಯ ರೂಪದಲ್ಲಿ.

ಅಲ್ಲಿನ ಆಫೀಸಿನ ಗೋಡೆಯ ಮೇಲೆ ಒಂದು ಬಣ್ಣದ ಮಾಸ್ಟರ್ ಪ್ಲಾನ್ ತೂಗುಹಾಕಿದ್ದರು. ಇರುವ ಕಟ್ಟಡಗಳಿಗೆ ಹಳದಿ, ಮುಂದೆ ಬರಬೇಕಾದವಕ್ಕೆ ಕೆಂಪು. ಬಹಳ ಹೊತ್ತು ನೋಡಿದೆ. ನೀರಿನ ಕೊಳವೆಯ ಒಂದು ಗೆರೆಯೂ ಅದರಲ್ಲಿರಲಿಲ್ಲ. ಎಲ್ಲಿ ಕಟ್ಟಬಾರದು ಎಂದೂ ಇರಲಿಲ್ಲ. ನಮ್ಮಲ್ಲಿ ಕ್ಯಾಂಪಸ್ಸಿನ ದೂರಾಲೋಚನೆ ಎಂದರೆ ಮುಂದೆ ಕಟ್ಟಬೇಕಾದ ಕಟ್ಟಡಗಳ ಪಟ್ಟಿ ಎಂದೇ ಆಗಿಬಿಟ್ಟಿದೆ. ಅದು ಪಟ್ಟಿ ಅಷ್ಟೇ, ಯೋಜನೆ ಅಲ್ಲ ಎಂದು ನನಗೆ ಅವತ್ತು ಅನ್ನಿಸಿತು. ಬರುವಾಗ ರೈಲಿನಲ್ಲಿ ನನಗೆ ನನ್ನ ಧಾರವಾಡ ನೆನಪಾಯಿತು.

ನಾನು ಎಂಸಿಎ ಓದಿದ್ದು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ. ಮುಂಬೈ ಕನ್ನಡಿಗರಲ್ಲಿ ಹೊಸ ತಲೆಮಾರಿನವರಿಗೆ ಗೊತ್ತಿರಲಿಕ್ಕಿಲ್ಲ, ಆ ವಿಶ್ವವಿದ್ಯಾಲಯ ಹುಟ್ಟಿದ್ದು ನಮ್ಮ ಮುಂಬೈಯಲ್ಲೇ. ಧಾರವಾಡ ಆಗ ಮುಂಬೈ ರಾಜ್ಯದಲ್ಲಿತ್ತು. 1949ರಲ್ಲಿ ಇಲ್ಲಿನ ಶಾಸನಸಭೆಯ ಕಾಯ್ದೆಯಿಂದ ಅದು ಸ್ಥಾಪನೆಯಾಯಿತು. ಮೊದಲು ಆಫೀಸು ಇದ್ದದ್ದು ಇಲ್ಲಿ, 1950ರಲ್ಲಿ ಅದು ಧಾರವಾಡಕ್ಕೆ ಹೋಯಿತು. 1954ರಿಂದ 1967ರವರೆಗೆ ಡಿ.ಸಿ. ಪಾವಟೆಯವರು ಕುಲಪತಿಗಳಾಗಿದ್ದರು. ಕೇಂಬ್ರಿಜ್‌ನಲ್ಲಿ ಗಣಿತ ಓದಿ ರ‍್ಯಾಂಗ್ಲರ್ ಆದವರು, ಮುಂಬೈ ಪ್ರಾಂತ್ಯದ ಶಿಕ್ಷಣ ಇಲಾಖೆಯ ನಿರ್ದೇಶಕರಾಗಿ ಸರಕಾರದ ಕಡತ ಹೇಗೆ ನಡೆಯುತ್ತದೆ ಎಂದು ಬಲ್ಲವರು. ಊರ ಹೊರಗೆ ‘ಛೋಟಾ ಮಹಾಬಳೇಶ್ವರ’ ಎಂದು ಕರೆಯುವ ಗುಡ್ಡದ ಮೇಲೆ ನೂರಾರು ಎಕರೆಯ ಕ್ಯಾಂಪಸ್ ಅವರ ಕಾಲದಲ್ಲಿ ಎದ್ದು ನಿಂತಿತು. ಆ ಜಾಗಕ್ಕೆ ಇಂದಿಗೂ ಪಾವಟೆ ನಗರ ಎಂದೇ ಹೆಸರು.

ನಾವು ಓದುವಾಗ ಆ ಏರು ಹತ್ತುತ್ತಾ ಬೈದುಕೊಂಡವರೇ. ಊರಿನ ಹತ್ತಿರ ಕಟ್ಟಿದ್ದರೆ ಇವರ ಗಂಟೇನು ಹೋಗುತ್ತಿತ್ತು ಅಂತ. ಈಗ ನಲವತ್ತರ ಹತ್ತಿರ ಬಂದ ಮೇಲೆ ಅರ್ಥವಾಗುತ್ತಿದೆ. ಕಟ್ಟಡ ಬೇಕೆಂದು ಹೊರಟ ಮನುಷ್ಯ ನಾಲ್ಕು ಎಕರೆ ಕೇಳುತ್ತಾನೆ. ತನ್ನ ನಂತರ ಬರುವವರಿಗೂ ಏನೋ ಬೇಕಾಗುತ್ತದೆ, ಏನು ಅಂತ ತನಗೆ ತಿಳಿಯದು ಎಂದುಕೊಂಡವನು ಮಾತ್ರ ಗುಡ್ಡ ಕೇಳುತ್ತಾನೆ. ನಾನು ಕಲಿತ ಕಂಪ್ಯೂಟರ್ ವಿಜ್ಞಾನ ಆ ಕ್ಯಾಂಪಸ್ ಗೆರೆ ಹಾಕಿದಾಗ ಅಲ್ಲಿ ಒಂದು ವಿಷಯವಾಗಿ ಇರಲೇ ಇಲ್ಲ. ಆದರೂ ಅದು ಬಂದಾಗ ಕೂಡಲು ಜಾಗ ಇತ್ತು.

ಮೈಸೂರಿನದೂ ಇದೇ ಬಗೆಯ ಕಥೆ. 1916ರಲ್ಲಿ ಶುರುವಾದ ವಿಶ್ವವಿದ್ಯಾಲಯಕ್ಕೆ ಕುವೆಂಪು 1956ರಿಂದ 1960ರವರೆಗೆ ಕುಲಪತಿ. ಬೇರೆ ಬೇರೆ ಕಡೆ ಹಂಚಿಹೋಗಿದ್ದ ಸ್ನಾತಕೋತ್ತರ ವಿಭಾಗಗಳಿಗೆ ಒಂದು ನೆಲೆ ಕಲ್ಪಿಸಿದರು, ಅದಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟರು. ಪಕ್ಕದಲ್ಲಿ ಕುಕ್ಕರಹಳ್ಳಿ ಕೆರೆ. ಮೈಸೂರಿನವರನ್ನು ಕೇಳಿ ನೋಡಿ, ಮಾನಸಗಂಗೋತ್ರಿ ಎಂದರೆ ಯಾವ ವಿಭಾಗದ ಕಟ್ಟಡವೂ ಅವರಿಗೆ ಮೊದಲು ನೆನಪಾಗುವುದಿಲ್ಲ. ಕೆರೆಯ ಏರಿ ನೆನಪಾಗುತ್ತದೆ, ಮರದ ಸಾಲು ನೆನಪಾಗುತ್ತದೆ. ಕಟ್ಟದೆ ಬಿಟ್ಟ ಜಾಗವೇ ಅಲ್ಲಿ ಕ್ಯಾಂಪಸ್ಸಿನ ಗುರುತು.

ಆದರೆ ದೊಡ್ಡ ಜಾಗ ಸಿಕ್ಕಿದ ಮಾತ್ರಕ್ಕೆ ಮುಗಿಯಲಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ನೋಡಿ. 1964ರಲ್ಲಿ ಹುಟ್ಟಿದ ವಿಶ್ವವಿದ್ಯಾಲಯ ಎಪ್ಪತ್ತರ ದಶಕದಲ್ಲಿ ಊರಾಚೆಯ ಸುಮಾರು 1,100 ಎಕರೆಗೆ ಹೋಯಿತು. ಆಮೇಲೆ ರಾಷ್ಟ್ರೀಯ ಕಾನೂನು ಶಾಲೆ, ಐಸೆಕ್, ನ್ಯಾಕ್, ಕ್ರೀಡಾ ಪ್ರಾಧಿಕಾರ ಹೀಗೆ ಒಂದೊಂದೇ ಸಂಸ್ಥೆ ಅದೇ ನೆಲದಲ್ಲಿ ನೆಲೆಯಾದವು. ಒಂದೊಂದೂ ಒಳ್ಳೆಯ ಸಂಸ್ಥೆಯೇ, ಒಂದೊಂದಕ್ಕೂ ಜಾಗ ಬೇಕಾಗಿತ್ತು. ಅಷ್ಟರಲ್ಲಿ ಬೆಂಗಳೂರು ಬೆಳೆದು ಕ್ಯಾಂಪಸ್ಸನ್ನು ಸುತ್ತಿಕೊಂಡಿತು, ಒಳಗಿನ ರಸ್ತೆ ಊರಿನವರ ಹಾದುಹೋಗುವ ದಾರಿಯಾಯಿತು. 2022ರ ಅಕ್ಟೋಬರ್‌ನಲ್ಲಿ ಆ ಕ್ಯಾಂಪಸ್ ಒಳಗೆ ಒಬ್ಬ ವಿದ್ಯಾರ್ಥಿನಿ ಬಿಎಂಟಿಸಿ ಬಸ್ಸಿಗೆ ಸಿಕ್ಕಿ ತೀವ್ರವಾಗಿ ಗಾಯಗೊಂಡಳು, ಬದುಕಿ ಉಳಿಯಲಿಲ್ಲ. ಹೊರಗಿನ ವಾಹನ ನಿಲ್ಲಿಸಿ ಎಂದು ವಿದ್ಯಾರ್ಥಿಗಳು ರಸ್ತೆಯಲ್ಲೇ ಕುಳಿತರು. ನಲವತ್ತು ವರ್ಷ ಮುಂಚೆ ಊರಿನವರಿಗೊಂದು ದಾರಿ, ಓದುವವರಿಗೊಂದು ದಾರಿ ಎಂದು ಗೆರೆ ಎಳೆದಿಡುವುದು ಸುಲಭವಿತ್ತು. ತಡವಾದಷ್ಟೂ ಗೆರೆ ಎಳೆಯುವುದು ತುಟ್ಟಿಯಾಗುತ್ತದೆ.

ಇದನ್ನು ನಾನು ಎಂಐಡಿಸಿಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಹೀಗಾಗಿ ಗೆರೆಯ ಬೆಲೆ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅರವತ್ತರ ದಶಕದಲ್ಲಿ ಇಲ್ಲಿ ಕಾರ್ಖಾನೆಗಳಿಗೆಂದು ಗುರುತು ಹಾಕಿದಾಗ ಸುತ್ತ ಬಯಲೇ ಇತ್ತು. ಕಾರ್ಖಾನೆಗೂ ಮನೆಗೂ ನಡುವೆ ಇರಬೇಕಾದ ಖಾಲಿ ಜಾಗ ವರ್ಷದಿಂದ ವರ್ಷಕ್ಕೆ ಸವೆಯುತ್ತಾ ಬಂತು. 2016ರ ಮೇ 26ರ ಸ್ಫೋಟ, 2024ರ ಮೇ 23ರ ಸ್ಫೋಟ, ನಡುವೆ 2020ರ ಫೆಬ್ರುವರಿಯಲ್ಲಿ ರಸಾಯನ ಹರಿದು ಗುಲಾಬಿ ಬಣ್ಣಕ್ಕೆ ತಿರುಗಿದ ರಸ್ತೆ. ಎರಡೂ ಸ್ಫೋಟಗಳಲ್ಲಿ ಜನ ಸತ್ತರು, ದೂರದ ಮನೆಗಳ ಕಿಟಕಿ ಗಾಜೂ ಒಡೆದವು. ಪ್ರತಿ ಸಲ ಕಾರ್ಖಾನೆ ಸ್ಥಳಾಂತರದ ಮಾತು ಬರುತ್ತದೆ, ಪತ್ರಿಕೆಯಲ್ಲಿ ನಕ್ಷೆ ಬರುತ್ತದೆ, ಒಂದು ತಿಂಗಳಲ್ಲಿ ತಣ್ಣಗಾಗುತ್ತದೆ. ನಾವೂ ಕಡಿಮೆ ಬೆಲೆಗೆ ಮನೆ ಸಿಕ್ಕಿತೆಂದು ಬಂದವರೇ. ಖಾಲಿ ಬಿಟ್ಟ ಜಾಗ ನೋಡಿದರೆ ನಮ್ಮವರಿಗೆ ಅದು ಯಾರೋ ಮರೆತುಹೋದ ಜಾಗ ಅನ್ನಿಸುತ್ತದೆ. ಬೇಕೆಂದೇ ಬಿಟ್ಟದ್ದು ಅನ್ನಿಸುವುದಿಲ್ಲ.

ಇನ್ನು ಕಟ್ಟಿದ್ದನ್ನು ಉಳಿಸಿಕೊಳ್ಳುವ ವಿಚಾರ. ಚರ್ಚ್‌ಗೇಟ್ ಕಡೆ ಹೋದಾಗಲೆಲ್ಲ ಮುಂಬೈ ವಿಶ್ವವಿದ್ಯಾಲಯದ ರಾಜಾಬಾಯಿ ಗೋಪುರ ನೋಡುತ್ತೀರಿ. ಪ್ರೇಮ್‌ಚಂದ್ ರಾಯ್‌ಚಂದ್ ಎಂಬ ವ್ಯಾಪಾರಿ ತಾಯಿಯ ಹೆಸರಿನಲ್ಲಿ ಹಣ ಕೊಟ್ಟರು, ಇಂಗ್ಲೆಂಡಿನಲ್ಲೇ ಕುಳಿತು ಜಾರ್ಜ್ ಗಿಲ್ಬರ್ಟ್ ಸ್ಕಾಟ್ ನಕ್ಷೆ ಬರೆದರು, 1878ರಲ್ಲಿ ಗೋಪುರ ಮುಗಿಯಿತು. ಕಟ್ಟಿಸಿದವರ ಕಥೆ ಎಲ್ಲರಿಗೂ ಗೊತ್ತು. ಅದೇ ಗೋಪುರ ಮತ್ತು ಅದರ ಗ್ರಂಥಾಲಯವನ್ನು ಹತ್ತು ವರ್ಷದ ಹಿಂದೆ ಟಿಸಿಎಸ್ ಕೊಟ್ಟ ಹಣದಿಂದ ದುರಸ್ತಿ ಮಾಡಿದರು, 2018ರಲ್ಲಿ ಆ ಕೆಲಸಕ್ಕೆ ಯುನೆಸ್ಕೋ ಮನ್ನಣೆಯೂ ಸಿಕ್ಕಿತು. ಇದು ಸಂತೋಷದ ವಿಷಯ. ಆದರೆ ಯೋಚಿಸಿ: ಕಟ್ಟುವುದಕ್ಕೂ ದಾನ ಬೇಕಾಯಿತು, ಒಂದೂವರೆ ಶತಮಾನದ ಹತ್ತಿರ ಬಂದಾಗ ಉಳಿಸುವುದಕ್ಕೂ ದಾನ ಬೇಕಾಯಿತು. ರಾಜಾಬಾಯಿ ಗೋಪುರಕ್ಕೆ ಹಣ ಕೊಡಲು ಕಂಪನಿ ಸಿಗುತ್ತದೆ. ಯಾವುದೋ ವಿಭಾಗದ ಮೂರನೇ ಮಹಡಿಯ ಶೌಚಾಲಯದ ಪಂಪಿಗೆ ಯಾವ ಕಂಪನಿ ಬರುತ್ತದೆ?

ನ್ಯಾಕ್‌ನವರು ಶ್ರೇಣಿ ಕೊಡುವಾಗ ಕಟ್ಟಡ ಮತ್ತು ಕಲಿಕಾ ಸೌಲಭ್ಯಗಳಿಗೆ ಒಂದು ಬೇರೆ ಮಾನದಂಡವನ್ನೇ ಇಟ್ಟಿದ್ದರು, ಅದರೊಳಗೆ ನಿರ್ವಹಣೆಗೆಂದು ಒಂದು ಅಂಶವೂ ಇತ್ತು. ಅಂದರೆ ಗೊತ್ತಿಲ್ಲದ್ದೇನಲ್ಲ. ಆದರೂ ಕಟ್ಟಡಕ್ಕೆ ಅನುದಾನ ಬರುವುದು ಒಂದೇ ಸಲ, ಒಂದೇ ದೊಡ್ಡ ಮೊತ್ತದಲ್ಲಿ. ಅದಕ್ಕೆ ಉದ್ಘಾಟನೆ ಇದೆ, ಫೋಟೋ ಇದೆ. ನಿರ್ವಹಣೆಯ ಖರ್ಚು ಪ್ರತಿ ವರ್ಷದ್ದು, ಸಣ್ಣದು, ನಾಚಿಕೆ ಸ್ವಭಾವದ್ದು. ಬಜೆಟ್ ಕತ್ತರಿಸುವಾಗ ಮೊದಲು ಕತ್ತರಿ ಬೀಳುವುದು ಅದರ ಮೇಲೆ. ವಾಷರ್ ಬದಲಿಸಿದ್ದಕ್ಕೆ ಯಾರೂ ಶಿಲಾಫಲಕ ಹಾಕಿಸಿಕೊಳ್ಳುವುದಿಲ್ಲ.

ಹಾಗಾದರೆ ದಾರಿ ಇಲ್ಲವೇ? ಒಂದು ಪ್ರಯೋಗ ಇದೆ, ಅದರ ಹೆಸರು ನಮ್ಮ ಸಾಫ್ಟ್‌ವೇರ್ ಜನಕ್ಕೆ ಬೇರೆ ದಾರಿಯಿಂದ ಪರಿಚಯ. ‘ಡಿಸೈನ್ ಪ್ಯಾಟರ್ನ್’ ಎಂಬ ಮಾತನ್ನು ನಾವು ಇಂಟರ್‌ವ್ಯೂಗಳಲ್ಲಿ ಬಾಯಿಪಾಠ ಒಪ್ಪಿಸುತ್ತೇವೆ. ಆ ಯೋಚನೆ ನಮ್ಮ ಕ್ಷೇತ್ರಕ್ಕೆ ಬಂದದ್ದು ಕ್ರಿಸ್ಟಫರ್ ಅಲೆಕ್ಸಾಂಡರ್ ಎಂಬ ವಾಸ್ತುಶಿಲ್ಪಿಯಿಂದ. ಅವರು ಎಪ್ಪತ್ತರ ದಶಕದಲ್ಲಿ ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯಕ್ಕೆ ಕ್ಯಾಂಪಸ್ ಯೋಜನೆ ಮಾಡಿಕೊಟ್ಟರು, 1975ರಲ್ಲಿ ಅದನ್ನು ‘ದಿ ಆರೆಗಾನ್ ಎಕ್ಸ್‌ಪೆರಿಮೆಂಟ್’ ಎಂಬ ಪುಸ್ತಕವಾಗಿ ತಂದರು. ಅದರಲ್ಲಿ ಗೋಡೆಗೆ ತೂಗುಹಾಕುವ ಮಾಸ್ಟರ್ ಪ್ಲಾನನ್ನೇ ಅವರು ಬೇಡ ಎಂದರು. ಇಪ್ಪತ್ತು ವರ್ಷದ ನಂತರ ಎಲ್ಲಿ ಯಾವ ಕಟ್ಟಡ ಎಂದು ಇವತ್ತೇ ಬಣ್ಣ ತುಂಬುವುದು ಸುಳ್ಳು ಲೆಕ್ಕ ಎಂಬುದು ಅವರ ವಾದ.

ಅದರ ಬದಲಿಗೆ ಅವರು ಹೇಳಿದ ಕೆಲವು ಮಾತು ನನಗೆ ಬಹಳ ಹಿಡಿಸಿದವು. ಒಂದು, ಕಟ್ಟಡವನ್ನು ಬಳಸುವವರೇ ಅದು ಹೇಗಿರಬೇಕೆಂದು ಹೇಳಬೇಕು. ಎರಡು, ಹಣವನ್ನು ದೊಡ್ಡ ಕೆಲಸ, ಮಧ್ಯಮ ಕೆಲಸ, ಸಣ್ಣ ಕೆಲಸ ಮೂರಕ್ಕೂ ಸಮನಾಗಿ ಹಂಚಬೇಕು. ಹಾಗೆ ಮಾಡಿದರೆ ಒಂದು ಕಟ್ಟಡದ ದುಡ್ಡಿನ ಪಕ್ಕದಲ್ಲೇ ನೂರು ಸಣ್ಣ ಕೆಲಸದ ದುಡ್ಡೂ ಇರುತ್ತದೆ. ಮೂರು, ಪ್ರತಿ ವರ್ಷ ಕ್ಯಾಂಪಸ್ ಸುತ್ತಿ ಯಾವ ಜಾಗ ಜೀವಂತವಾಗಿದೆ, ಯಾವುದು ಸತ್ತಿದೆ ಎಂದು ನಕ್ಷೆಯಲ್ಲಿ ಗುರುತಿಸಬೇಕು. ಡಾಕ್ಟರು ನಾಡಿ ನೋಡಿದ ಹಾಗೆ. ಮೊದಲು ರೋಗ ಎಲ್ಲಿದೆ ಎಂದು ತಿಳಿದು, ಆಮೇಲೆ ಮುಂದಿನ ಕಟ್ಟಡದ ಮಾತು.

ಇದನ್ನೆಲ್ಲ ಒಂದು ಭಾನುವಾರ ತಿಂಡಿ ತಿನ್ನುವಾಗ ಹುಡುಗಿಗೆ ಹೇಳುತ್ತಿದ್ದೆ. ಮಾವನ ಭಾಷಣ ಕೇಳುವ ಅಭ್ಯಾಸ ಅವಳಿಗೆ ಆಗಿದೆ, ಅವಲಕ್ಕಿ ತಿನ್ನುತ್ತಾ ಕೇಳಿಸಿಕೊಂಡಳು. ಕೊನೆಗೆ ‘ಮಾಮಾ, ಆ ಮೂರನೇದ್ದಕ್ಕ ರೊಕ್ಕ ಬೇಕಾಗಂಗಿಲ್ಲಲ್ಲ?’ ಎಂದಳು. ಇಲ್ಲ ಅಂದೆ.

ನನಗೆ ಹೊಳೆಯದ ಮಾತು ಅವಳಿಗೆ ಹೊಳೆದಿತ್ತು. ಮಾರನೆಯ ವಾರ ಅವಳೂ ಅವಳ ಐದಾರು ಗೆಳತಿಯರೂ ಕ್ಯಾಂಪಸ್ಸಿನ ಒಂದು ನಕ್ಷೆ ಪ್ರಿಂಟ್ ತೆಗೆದು, ಹುಡುಗಿಯರ ಪ್ರತಿಯೊಂದು ಶೌಚಾಲಯಕ್ಕೂ ಹೋಗಿ ಬಂದರು. ನೀರು ಇದೆಯೇ, ಚಿಲಕ ಇದೆಯೇ, ದೀಪ ಇದೆಯೇ, ಬೀಗದ ಕೈ ಯಾರ ಹತ್ತಿರ. ನಡೆಯುವುದಕ್ಕೆ ಹಸಿರು ಚುಕ್ಕೆ, ನಡೆಯದ್ದಕ್ಕೆ ಕೆಂಪು. ನೋಡಿದರೆ ಅರ್ಧಕ್ಕಿಂತ ಹೆಚ್ಚು ಕೆಂಪು. ಗೋಡೆಯ ಮೇಲಿದ್ದ ಮಾಸ್ಟರ್ ಪ್ಲಾನಿನಲ್ಲೂ ಕೆಂಪು ಇತ್ತು ಎಂದೆನಲ್ಲ, ಅದು ಕಟ್ಟಬೇಕಾದದ್ದರ ಕೆಂಪು. ಇದು ಕಟ್ಟಿ ಕೆಟ್ಟದ್ದರ ಕೆಂಪು. ಎರಡನ್ನೂ ಒಂದೇ ಹಾಳೆಯ ಮೇಲೆ ನೋಡಿದ ಅಧಿಕಾರಿ ಅಲ್ಲಿಯವರೆಗೆ ಯಾರೂ ಇರಲಿಕ್ಕಿಲ್ಲ.

ಹಾಳೆಯನ್ನು ವಿಭಾಗದ ಮೇಡಂ ಮೂಲಕ ಆಫೀಸಿಗೆ ಕೊಟ್ಟರು. ಆಗಿದ್ದು ಪವಾಡವೇನಲ್ಲ. ಬೀಗ ಹಾಕಿದ್ದ ನಾಲ್ಕು ಶೌಚಾಲಯಗಳಲ್ಲಿ ಎರಡು ಕೆಟ್ಟೇ ಇರಲಿಲ್ಲ. ಗುಡಿಸುವವರ ಗುತ್ತಿಗೆಯಲ್ಲಿ ಅವು ಸೇರಿಲ್ಲವೆಂದು ಬೀಗ ಬಿದ್ದಿತ್ತು. ಅವು ತೆರೆದವು. ಎರಡನೇ ಮಹಡಿಗೆ ಒಂದು ಸಣ್ಣ ಪಂಪು ಬಂತು. ಮೂರನೇ ಮಹಡಿಗೆ ಹೊಸ ಟಾಕಿಯೇ ಬೇಕಂತೆ, ಕಡತ ನಡೆಯುತ್ತಿದೆ.

ಮುಂಬೈ ವಿಶ್ವವಿದ್ಯಾಲಯದ ಉಪಕೇಂದ್ರಗಳು ಈಗ ಠಾಣೆಗೂ ನಮ್ಮ ಪಕ್ಕದ ಕಲ್ಯಾಣಕ್ಕೂ ಬಂದಿವೆ. ಈ ಭಾಗದ ಮಕ್ಕಳು ಲೋಕಲ್‌ನಲ್ಲಿ ಜೋತಾಡುವ ದೂರ ಕಡಿಮೆಯಾಗುವುದಾದರೆ ಅದಕ್ಕಿಂತ ಒಳ್ಳೆಯ ದೂರಾಲೋಚನೆ ಬೇರೆ ಇಲ್ಲ. ಅವು ಬೆಳೆಯಲಿ. ಬೆಳೆಯುವಾಗ ಟಾಕಿಯ ಲೆಕ್ಕ ಮೊದಲು ಆಗಲಿ, ಗಾಜಿನ ಲೆಕ್ಕ ಆಮೇಲೆ.

ಇದು ವಿಶ್ವವಿದ್ಯಾಲಯಗಳಿಗೆ ಮಾತ್ರ ಹೇಳುವ ಮಾತಲ್ಲ. ಈ ಅಂಕಣ ಓದುವ ನಿಮ್ಮಲ್ಲಿ ಬಹಳ ಮಂದಿ ಯಾವುದಾದರೂ ಸಂಘದ ಸದಸ್ಯರು. ಊರಿನ ಶಾಲೆಗೆ, ಓದಿದ ಕಾಲೇಜಿಗೆ, ಇಲ್ಲಿನ ಕನ್ನಡ ಭವನಕ್ಕೆ ವಂತಿಗೆ ಕೊಡುವವರು. ನಾನೂ ಕೊಟ್ಟಿದ್ದೇನೆ, ಹೆಸರು ಕಲ್ಲಿನ ಮೇಲೆ ಬಂದಾಗ ಫೋಟೋ ತೆಗೆದು ಅವ್ವನಿಗೆ ಕಳಿಸಿದ್ದೇನೆ. ಇನ್ನು ಮುಂದೆ ರಸೀದಿ ಪುಸ್ತಕ ಬಂದಾಗ ಎರಡು ಮಾತು ಕೇಳೋಣ. ನೀರು ಎಲ್ಲಿಂದ ಬರುತ್ತದೆ? ಹತ್ತನೇ ವರ್ಷ ಇದನ್ನು ನೋಡಿಕೊಳ್ಳುವವರು ಯಾರು, ಅವರ ಸಂಬಳಕ್ಕೆ ದುಡ್ಡು ಎಲ್ಲಿ? ಉತ್ತರ ಇಲ್ಲದಿದ್ದರೆ ನಮ್ಮ ಹಣವನ್ನು ಕಟ್ಟಡಕ್ಕೆ ಬದಲು ಆ ಉತ್ತರಕ್ಕೆ ಕೊಡೋಣ. ಕಲ್ಲಿನ ಮೇಲೆ ಹೆಸರು ಬರದಿದ್ದರೂ ಅವ್ವ ಏನೂ ಅಂದುಕೊಳ್ಳುವುದಿಲ್ಲ.

ನಿನ್ನೆ ಬೆಳಿಗ್ಗೆ ಹುಡುಗಿ ಹೊರಟಾಗ ನನ್ನ ಹೆಂಡತಿ ಎಂದಿನಂತೆ ಕೇಳಿದಳು: ‘ಬಾಟಲಿ ತುಂಬಿಸ್ಕೊಂಡಿ?’ ಹುಡುಗಿ ಚೀಲ ತೆರೆದು ತೋರಿಸಿದಳು. ಒಂದು ಲೀಟರ್, ತುಂಬಿತ್ತು. ಅದರ ಪಕ್ಕದಲ್ಲಿ ಮಡಚಿಟ್ಟ ಹೊಸ ನಕ್ಷೆ. ಆರು ತಿಂಗಳಾಯಿತು, ಮತ್ತೆ ಒಂದು ಸುತ್ತು ಹೋಗಿ ಚುಕ್ಕೆ ಹಾಕುತ್ತಾರಂತೆ.